ಪದಚರ್ಚೆ: ಕಾಲೇಜು ಕ್ರೀಡೆಯ ‘ಕಾನ್ಫರೆನ್ಸ್’ಗೆ ‘ಕೂಟ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ವಿಶ್ವವಿದ್ಯಾಲಯಗಳ ಕ್ರೀಡಾ ಕಾನ್ಫರೆನ್ಸ್‌ಗಳ, ಅಂದರೆ ತಮ್ಮತಮ್ಮಲ್ಲೇ ಆಡಿಕೊಳ್ಳಲು ಸೇರಿಕೊಂಡ ವಿವಿಗಳ ಗುಂಪುಗಳ ಬಗ್ಗೆ ಇಲ್ಲಿನ ನಮ್ಮ ಕನ್ನಡ ಕೂಟದ ಪತ್ರಿಕೆಗೆ ಒಂದು ಲೇಖನ ಬರೆಯುತ್ತಿದ್ದೇನೆ. ಯಾವ ಕಾನ್ಫರೆನ್ಸ್ ಮುಂದೆ ಯಾರನ್ನು ಸೇರಿಸಿಕೊಳ್ಳಬಹುದು ಅನ್ನೋದು ಇಲ್ಲಿ ವರ್ಷವಿಡೀ ನಡೆಯುವ ಮಾತು. ಮಕ್ಕಳು ಇಲ್ಲಿ ಓದುತ್ತಿರುವ ಕನ್ನಡದ ಮನೆಗಳಲ್ಲೂ ಈ ಮಾತು ಬರುತ್ತದೆ. ಅದನ್ನು ಕನ್ನಡದಲ್ಲಿ ಬರೆಯಲು ಕೂತರೆ ಮಾತ್ರ ಮೊದಲ ಸಾಲಿನಲ್ಲೇ ಪದಕ್ಕೆ ತಡಕಾಡಬೇಕು.

‘ಸಮ್ಮೇಳನ’ವನ್ನು ಮೊದಲೇ ಪಕ್ಕಕ್ಕಿಡೋಣ. ಸಮ್ಮೇಳನ ಅಂದರೆ ನಮಗೆ ಎರಡು ಮೂರು ದಿನ ನಡೆದು ಮುಗಿಯುವ ಕಾರ್ಯಕ್ರಮ. ಅಧ್ಯಕ್ಷರ ಮೆರವಣಿಗೆ, ಗೋಷ್ಠಿ, ಪುಸ್ತಕದ ಮಳಿಗೆ, ಊಟದ ಸಾಲು. ‘ಸ್ಟ್ಯಾನ್‌ಫರ್ಡ್ ಹೊಸ ಸಮ್ಮೇಳನ ಸೇರಿತು’ ಅಂತ ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ.

ಹಾಗೆ ನೋಡಿದರೆ ಇಂಗ್ಲಿಷಿನಲ್ಲೂ ಈ ಹೆಸರು ಬಂದದ್ದು ಸಭೆಯಿಂದಲೇ. 1895ರಲ್ಲಿ ಪರ್ಡ್ಯೂ ವಿವಿಯ ಅಧ್ಯಕ್ಷ ಜೇಮ್ಸ್ ಸ್ಮಾರ್ಟ್ ಅವರು ಮಧ್ಯಪಶ್ಚಿಮದ ವಿವಿಗಳ ಅಧ್ಯಕ್ಷರನ್ನು ಶಿಕಾಗೋದಲ್ಲಿ ಸೇರಿಸಿದರು. ವಿವಿಯ ಹೆಸರಲ್ಲಿ ಆಡುವವನು ನಿಜಕ್ಕೂ ಅಲ್ಲಿ ಓದುತ್ತಿರಬೇಕು ಅನ್ನುವಂಥ ನಿಯಮ ತರುವುದು ಆ ಸಭೆಯ ಉದ್ದೇಶ. ಮರುವರ್ಷ, 1896ರಲ್ಲಿ, ಅಧ್ಯಾಪಕ ಪ್ರತಿನಿಧಿಗಳು ಸೇರಿ ಅದನ್ನೊಂದು ಸಂಸ್ಥೆ ಮಾಡಿದರು. ಅದೇ ಇವತ್ತಿನ ಬಿಗ್ ಟೆನ್. ಅದರ ಹಳೆಯ ಹೆಸರು ಇಂಟರ್‌ಕಾಲೇಜಿಯೇಟ್ ಕಾನ್ಫರೆನ್ಸ್ ಆಫ್ ಫ್ಯಾಕಲ್ಟಿ ರೆಪ್ರೆಸೆಂಟೇಟಿವ್ಸ್. ಅಂದರೆ ಮೇಷ್ಟರುಗಳ ಸಭೆ. ಸಭೆ ಮುಗಿಯಿತು, ಸೇರಿದವರು ಜೊತೆಯಲ್ಲೇ ಉಳಿದರು, ಸಭೆಯ ಹೆಸರು ಗುಂಪಿಗೆ ಅಂಟಿಕೊಂಡಿತು.

ಕನ್ನಡದಲ್ಲಿ ಇದೇ ದಾರಿಯಲ್ಲಿ ನಡೆದ ಪದ ಒಂದಿದೆ, ‘ಕೂಟ’. ಆಡು–ಆಟ, ಓಡು–ಓಟ, ನೋಡು–ನೋಟ ಇದ್ದ ಹಾಗೆ ಕೂಡು–ಕೂಟ. ಸೇರುವುದಕ್ಕೂ ಕೂಟ ಅನ್ನುತ್ತೇವೆ, ಸೇರಿಕೊಂಡ ಮಂದಿಗೂ ಕೂಟ ಅನ್ನುತ್ತೇವೆ. ಔತಣಕೂಟ ರಾತ್ರಿಗೆ ಮುಗಿಯುತ್ತದೆ. ಕನ್ನಡ ಕೂಟ ವರ್ಷಗಟ್ಟಲೆ ಇರುತ್ತದೆ. ಹಾಗಾಗಿ ‘ಬಿಗ್ ಟೆನ್ ಕೂಟ’ ಅನ್ನೋದು ನನ್ನ ಕಿವಿಗೆ ಸರಿಯಾಗಿದೆ. ತೊಂದರೆ ಬರುವುದು ‘ಕ್ರೀಡಾ’ ಸೇರಿಸಿದಾಗ. ‘ಕ್ರೀಡಾಕೂಟ’ ಅಂದರೆ ಸುಣ್ಣದ ಗೆರೆ ಎಳೆದ ಮೈದಾನ, ಓಟ, ಉದ್ದಜಿಗಿತ ಅಂತ ನಾಡಿಗೆಲ್ಲ ಗೊತ್ತು. ಆದ್ದರಿಂದ ಬರೀ ‘ಕೂಟ’, ಅಥವಾ ‘ವಿವಿಗಳ ಕೂಟ’.

ಬೇರೆ ಪದಗಳನ್ನೂ ತೂಗಿ ನೋಡಿದ್ದೇನೆ. ‘ವಲಯ’ ನಮ್ಮ ಕಾಲೇಜು ಕ್ರೀಡೆಯಲ್ಲಿ ಬಳಕೆಯಲ್ಲಿರುವ ಪದವೇ. ಮೈಸೂರು ವಿವಿ ದಕ್ಷಿಣ ವಲಯ ಅಂತರ ವಿವಿ ಟೂರ್ನಿಯಲ್ಲಿ ಆಡುತ್ತದೆ. ಅಲ್ಲಿ ಯಾರನ್ನೂ ಯಾರೂ ಕರೆಯುವುದಿಲ್ಲ, ನೀವಿರುವ ಜಾಗವೇ ನಿಮ್ಮ ವಲಯ. ಅಮೆರಿಕದ ಕಾನ್ಫರೆನ್ಸ್‌ಗಳೂ ಮೊದಲು ಹೆಚ್ಚುಕಡಿಮೆ ಹಾಗೇ ಇದ್ದವು. ಈಗಿಲ್ಲ. ಬಿಗ್ ಟೆನ್‌ನಲ್ಲಿ ಅಟ್ಲಾಂಟಿಕ್ ಕಡೆಯ ರಟ್ಗರ್ಸೂ ಇದೆ, ಪೆಸಿಫಿಕ್ ಕಡೆಯ ವಾಷಿಂಗ್ಟನ್ ವಿವಿಯೂ ಇದೆ. ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ಗೆ (ಎಸಿಸಿ) 2024ರಲ್ಲಿ ಸೇರಿದ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಎರಡೂ ಇರುವುದು ಕ್ಯಾಲಿಫೋರ್ನಿಯಾದಲ್ಲಿ. ವಲಯ ಅನ್ನಲು ಸಾಧ್ಯವೇ ಇಲ್ಲ. ‘ಒಕ್ಕೂಟ’ ಒಳ್ಳೆಯ ಪದ, ಆದರೆ ಹಾಲು ಒಕ್ಕೂಟ, ಕಾರ್ಮಿಕರ ಒಕ್ಕೂಟ ಅಂದಾಗ ಒಂದೇ ಕೆಲಸಕ್ಕೆ ಹೆಗಲು ಕೊಟ್ಟವರು ಅಂತ ಕೇಳಿಸುತ್ತದೆ. ‘ಮೈತ್ರಿಕೂಟ’ವೂ ಅಷ್ಟೇ, ಹೊರಗಿನವರ ವಿರುದ್ಧ ಒಟ್ಟಾದವರು. ಕಾನ್ಫರೆನ್ಸ್‌ನ ಸದಸ್ಯರು ವಾರವಾರವೂ ಎದುರಾಬದುರಾಗಿ ಆಡುವವರು, ದುಡ್ಡು ಹಂಚಿಕೊಳ್ಳುವಾಗ ಮಾತ್ರ ಒಂದಾಗುವವರು.

ಇನ್ನು ಹೆಸರುಗಳು. ‘ಬಿಗ್ ಟೆನ್’ ಅನ್ನು ದಯವಿಟ್ಟು ಯಾರೂ ಕನ್ನಡಿಸಬೇಡಿ. ಅದರಲ್ಲಿ ಈಗ 18 ವಿವಿಗಳಿವೆ. ಬಿಗ್ 12 ಅನ್ನುವ ಇನ್ನೊಂದು ಕೂಟದಲ್ಲಿ 16 ಇವೆ. 2011ರಿಂದ 2014ರವರೆಗೆ ಬಿಗ್ ಟೆನ್‌ನಲ್ಲಿ 12, ಬಿಗ್ 12ರಲ್ಲಿ 10 ಇದ್ದವು! ‘ಸ್ಕೂಲ್’ ಅನ್ನೋದನ್ನೂ ‘ಶಾಲೆ’ ಮಾಡಬಾರದು. ಇಲ್ಲಿ ವಿಶ್ವವಿದ್ಯಾಲಯಕ್ಕೂ ಜನ ಸ್ಕೂಲ್ ಅಂತಲೇ ಹೇಳುತ್ತಾರೆ. ನಮ್ಮ ಪತ್ರಿಕೆಗಳ ‘ವಿವಿ’ ಸಾಕು.

ನಾನು ಜಾಸ್ತಿ ಯೋಚಿಸಿದ್ದು ‘ರಿಅಲೈನ್‌ಮೆಂಟ್’ ಬಗ್ಗೆ, ಅಂದರೆ ವಿವಿಗಳು ಒಂದು ಕೂಟ ಬಿಟ್ಟು ಇನ್ನೊಂದಕ್ಕೆ ಹೋಗುವುದರ ಬಗ್ಗೆ. ‘ಪುನರ್ವಿಂಗಡಣೆ’ ತಟ್ಟನೆ ನೆನಪಾಗುತ್ತದೆ, 1956ರ ರಾಜ್ಯ ಪುನರ್ವಿಂಗಡಣೆಯಿಂದಾಗಿ. ಆದರೆ ಅಲ್ಲಿ ಆಯೋಗ ಇತ್ತು, ಕಾನೂನು ಇತ್ತು, ಮೇಲೆ ಕೂತು ಗೆರೆ ಎಳೆದವರಿದ್ದರು. ಇಲ್ಲಿ ಯಾರೂ ಇಲ್ಲ. ಕಾಲೇಜು ಕ್ರೀಡೆಯನ್ನು ನೋಡಿಕೊಳ್ಳುವ ಎನ್‌ಸಿಎಎ ಕೂಡ ಯಾರು ಎಲ್ಲಿರಬೇಕು ಅಂತ ಹೇಳುವುದಿಲ್ಲ. ಟಿವಿ ದುಡ್ಡು ಎಲ್ಲಿ ಹೆಚ್ಚೋ ಅಲ್ಲಿಗೆ ಒಂದೊಂದೇ ವಿವಿ ಎದ್ದು ಹೋಗುತ್ತದೆ.

ಪಶ್ಚಿಮದ ಪ್ಯಾಕ್-12 ಕೂಟ ಒಡೆದದ್ದು ಹೀಗೆಯೇ. 2022ರ ಜೂನ್ 30ರಂದು ಲಾಸ್ ಏಂಜಲೀಸ್‌ನ ಯುಎಸ್‌ಸಿ, ಯುಸಿಎಲ್‌ಎ ವಿವಿಗಳೆರಡೂ ಬಿಗ್ ಟೆನ್‌ಗೆ ಹೋಗುವುದಾಗಿ ಸಾರಿದವು. ಮರುವರ್ಷ ಜುಲೈಯಲ್ಲಿ ಕೊಲರಾಡೋ ಬಿಗ್ 12ಕ್ಕೆ. 2023ರ ಆಗಸ್ಟ್ 4, ಆ ಒಂದೇ ದಿನ ಐದು ವಿವಿಗಳು ಹೋಗುವುದಾಗಿ ಸಾರಿದವು. ಆರೆಗನ್ ಮತ್ತು ವಾಷಿಂಗ್ಟನ್ ಬಿಗ್ ಟೆನ್‌ಗೆ, ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಬಿಗ್ 12ಕ್ಕೆ. ಸೆಪ್ಟೆಂಬರ್ 1ರಂದು ಸ್ಟ್ಯಾನ್‌ಫರ್ಡ್, ಬರ್ಕ್ಲಿ ಎಸಿಸಿಗೆ. ಕೊನೆಗೆ ಉಳಿದದ್ದು ಆರೆಗನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್, ಎರಡೇ. 1915ರಲ್ಲಿ ಆ ಕೂಟ ಕಟ್ಟಿದ ನಾಲ್ವರಲ್ಲಿ ಆರೆಗನ್ ಸ್ಟೇಟೂ ಒಂದು ಅನ್ನೋದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಇದನ್ನು ‘ಪುನರ್ವಿಂಗಡಣೆ’ ಅಂದರೆ ಯಾರೋ ಯೋಚಿಸಿ ಮಾಡಿದ ಕೆಲಸದ ಹಾಗೆ ಕಾಣುತ್ತದೆ.

ನಾನು ‘ಕೂಟಾಂತರ’ ಅಂತ ಬರೆದು ನೋಡಿದೆ. ಪಕ್ಷಾಂತರದ ನೆನಪು ಬರುತ್ತದೆ, ನಿಜ. ಆದರೆ ರೂಪಾಂತರ, ಭಾಷಾಂತರಗಳಲ್ಲಿ ದೂರು ಇಲ್ಲವಲ್ಲ. ಕನ್ನಡದ ಕೂಟಕ್ಕೆ ಸಂಸ್ಕೃತದ ಅಂತರ ಸೇರಿಸಿದರೆ ಅರಿಸಮಾಸ ಅಂತ ಕೆಲವರು ಹೇಳುತ್ತೀರಿ. ಕ್ರೀಡಾಕೂಟವೂ ಅದೇ ಜಾತಿಯದು, ನಾವು ಆಗಲೇ ಒಪ್ಪಿಕೊಂಡಿದ್ದೇವೆ. ಸಂಸ್ಕೃತದ ‘ಕೂಟ’ಕ್ಕೆ ಮೋಸ ಅನ್ನುವ ಅರ್ಥವೂ ಇದೆ, ಕೂಟನೀತಿಯಲ್ಲಿ ಇರುವ ಹಾಗೆ. ‘ಕೂಟಾಂತರ’ದಲ್ಲಿ ಆ ನೆರಳು ಬೀಳುತ್ತದೆಯೇ? ಬಿದ್ದರೆ ‘ಕೂಟ ಬದಲಿಸಿತು’ ಅಂತ ನೇರವಾಗಿ ಬರೆಯುವುದೇ ಮೇಲು.

‘ವಿಸ್ತರಣೆ’ಗೆ ತೊಂದರೆಯಿಲ್ಲ. ಸಂಪುಟ ವಿಸ್ತರಣೆಯ ಸುದ್ದಿ ಓದಿ ಬೆಳೆದವರು ನಾವು. ‘ಆಕಾಂಕ್ಷಿ’ ಕೂಡ ಅಲ್ಲಿಂದಲೇ ಸಿಗುತ್ತದೆ. ಬಿಗ್ 12 ವಿಸ್ತರಣೆಯ ಮಾತು ಎದ್ದಾಗಲೆಲ್ಲ ಯೂಕಾನ್ (ಕನೆಕ್ಟಿಕಟ್ ವಿವಿ), ಮೆಂಫಿಸ್ ಹೆಸರು ಕೇಳಿಬರುತ್ತದೆ. ಅವು ಆಕಾಂಕ್ಷಿಗಳೇ. ನೋಟರ್ ಡೇಮ್ ವಿವಿ ಹಾಗಲ್ಲ. ಅದರ ಫುಟ್‌ಬಾಲ್ ತಂಡ ಯಾವ ಕೂಟಕ್ಕೂ ಸೇರದೆ ಒಂಟಿಯಾಗಿ ಆಡುತ್ತದೆ, ಬಾ ಅಂದರೂ ಬರುವುದಿಲ್ಲ. ಬೇರೆ ಹೆಚ್ಚಿನ ಆಟಗಳಿಗೆ ಮಾತ್ರ 2013ರಿಂದ ಎಸಿಸಿಯಲ್ಲಿದೆ. ತಾನು ಬಯಸದೆ, ಎಲ್ಲರೂ ಬಯಸುವ ಇಂಥವರಿಗೆ ಏನನ್ನೋಣ?

‘ಇನ್ವಿಟೇಶನ್’ಗೆ ‘ಆಹ್ವಾನ’ ಹಾಕಲು ನನಗೆ ಮನಸ್ಸಿಲ್ಲ. ಆಹ್ವಾನ ಅಂದರೆ ಕರೆಯುವವರು ತಾವಾಗಿ ಮುಂದೆ ಬಂದು ಕರೆದದ್ದು. ಇಲ್ಲಿ ಬರಬೇಕಾದವರು ಮೊದಲು ಮಾತಾಡಿರುತ್ತಾರೆ, ಷರತ್ತಿಗೆ ಒಪ್ಪಿರುತ್ತಾರೆ. ಆಮೇಲೆ ಇದ್ದವರು ಮತ ಹಾಕುತ್ತಾರೆ. ಸ್ಟ್ಯಾನ್‌ಫರ್ಡ್, ಬರ್ಕ್ಲಿಗಳನ್ನು ಸೇರಿಸಿಕೊಳ್ಳಲು ಎಸಿಸಿಯಲ್ಲಿ 15 ಮತಗಳಲ್ಲಿ 12 ಬೇಕಿತ್ತು, ಸರಿಯಾಗಿ 12 ಬಿತ್ತು. ಜೊತೆಗೇ ಸೇರಿದ ಎಸ್‌ಎಂಯು (ಟೆಕ್ಸಸ್‌ನ ಸದರ್ನ್ ಮೆಥಡಿಸ್ಟ್ ವಿವಿ) ಒಂಬತ್ತು ವರ್ಷ ಕೂಟದ ಟಿವಿ ದುಡ್ಡು ಬೇಡ ಅಂತ ಬರೆದುಕೊಟ್ಟು ಒಳಗೆ ಬಂತು. ಇದು ಆಹ್ವಾನವೇ? ‘ಸೇರಿಸಿಕೊಂಡಿತು’ ಅನ್ನೋದು ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ. ಆದರೆ ಅದಕ್ಕೊಂದು ನಾಮಪದ ಬೇಕು. ‘ಸೇರ್ಪಡೆ’ ಸೇರಿದವರ ಕಡೆಯಿಂದ ನೋಡುತ್ತದೆ, ಕರೆದವರ ಕಡೆಯಿಂದಲ್ಲ.

ಕರಾವಳಿಯಲ್ಲಿ, ಉತ್ತರ ಕರ್ನಾಟಕದಲ್ಲಿ ಕಬಡ್ಡಿ, ವಾಲಿಬಾಲ್ ಟೂರ್ನಿ ನಡೆಸಿದವರು ಈ ಬಳಗದಲ್ಲಿದ್ದೀರಿ. ತಮ್ಮತಮ್ಮಲ್ಲೇ ವರ್ಷವರ್ಷವೂ ಆಡಿಕೊಳ್ಳುವ ಊರುಗಳ ಗುಂಪಿಗೆ, ಅದಕ್ಕೆ ಹೊಸ ಊರನ್ನು ಒಳಗೆ ಬಿಟ್ಟುಕೊಳ್ಳುವುದಕ್ಕೆ ನಿಮ್ಮ ಕಡೆ ಏನಾದರೂ ಮಾತಿದೆಯೇ? ಇದ್ದರೆ ವಾಕ್ಯದ ಸಮೇತ ಬರೆದು ತಿಳಿಸಿ.