ಮೊಸರಿನ ಸಲಾಡ್ ಡ್ರೆಸ್ಸಿಂಗ್ ನೀರಾಗದೆ ದಪ್ಪಗೆ ಬರಬೇಕಾದರೆ ಏನು ಮಾಡಬೇಕು?

ಸೌತೆಪ್ರಿಯ:
ಮೇಯನೇಸ್ ಹಾಕಿದ ಸಲಾಡ್ ತಿಂದರೆ ಹೊಟ್ಟೆ ಭಾರ. ಬರೀ ಎಣ್ಣೆ, ನಿಂಬೆರಸ ಹಾಕಿದರೆ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಅದಕ್ಕೇ ಮೊಸರು, ಬೆಳ್ಳುಳ್ಳಿ, ನಿಂಬೆರಸ, ಉಪ್ಪು, ಕಾಳುಮೆಣಸು ಎಲ್ಲ ಮಿಕ್ಸಿಗೆ ಹಾಕಿ ಒಂದು ಸುತ್ತು ತಿರುಗಿಸುತ್ತೇನೆ. ರುಚಿಗೇನೂ ಮೋಸವಿಲ್ಲ, ಆದರೆ ಮಜ್ಜಿಗೆಯಷ್ಟು ತೆಳ್ಳಗೆ. ಎಲೆ ಮೇಲೆ ನಿಲ್ಲುವುದೇ ಇಲ್ಲ, ತಿಂದು ಮುಗಿಸುವ ಹೊತ್ತಿಗೆ ಬಟ್ಟಲಿನ ತಳದಲ್ಲಿ ಬಿಳಿ ನೀರು. ಕಾರ್ನ್‌ಫ್ಲೋರ್ ಹಾಕಲು ಮನಸ್ಸಿಲ್ಲ. ಬೇರೆ ದಾರಿ ಇದೆಯಾ?

ಸಾಸಿವೆಡಬ್ಬಿ:
ಮೊದಲು ಆ ಮಿಕ್ಸಿ ಬಿಡಿ. ಮೊಸರು ಗಟ್ಟಿಯಾಗಿ ನಿಲ್ಲುವುದು ಅದರ ಪ್ರೋಟೀನ್ ಹೆಣೆದುಕೊಂಡು ನೀರನ್ನು ಹಿಡಿದಿಟ್ಟುಕೊಂಡಿರುವುದರಿಂದ. ಬ್ಲೇಡ್ ಅದನ್ನು ಕಡಿದುಹಾಕಿದ ಮೇಲೆ ತೆಳ್ಳಗಾಗದೆ ಇನ್ನೇನಾಗುತ್ತದೆ?

ನಾನು ಮಾಡುವುದು ಹೀಗೆ. ತೆಳು ಬಟ್ಟೆಯನ್ನು ಜರಡಿ ಮೇಲೆ ಹಾಸಿ, ಎರಡು ಕಪ್ ಮೊಸರು ಸುರಿದು, ಕೆಳಗೊಂದು ಪಾತ್ರೆ ಇಟ್ಟು ಮೂರು ನಾಲ್ಕು ಗಂಟೆ ಫ್ರಿಜ್‌ನಲ್ಲಿ ಬಿಡುತ್ತೇನೆ. ಹೊರಗಿಟ್ಟರೆ ಹುಳಿ ಜಾಸ್ತಿಯಾಗುತ್ತದೆ. ಕೊನೆಗೆ ಒಂದು ಕಪ್ಪಿನ ಆಸುಪಾಸು ಉಳಿಯುತ್ತದೆ, ಚಮಚ ಬೋರಲು ಹಾಕಿದರೂ ಬೀಳಬಾರದು. ಇನ್ನೊಂದು ಬಟ್ಟಲಲ್ಲಿ ಒಂದು ಟೀ ಚಮಚ ಸಾಸಿವೆ ಪೇಸ್ಟ್, ಎರಡು ಟೀ ಚಮಚ ನಿಂಬೆರಸ, ಉಪ್ಪು ಕಲಸಿ, ಒಂದು ದೊಡ್ಡ ಚಮಚ ಎಣ್ಣೆಯನ್ನು ತೊಟ್ಟು ತೊಟ್ಟಾಗಿ ಬಿಡುತ್ತಾ ಜೋರಾಗಿ ಕಲಕಿ. ಎಣ್ಣೆ ರಸದಿಂದ ಬೇರೆಯಾಗದಂತೆ ಸಾಸಿವೆ ಹಿಡಿದಿಡುತ್ತದೆ. ಇದನ್ನು ಮೊಸರಿಗೆ ಹಾಕಿ ಚಮಚದಲ್ಲೇ ಮೆಲ್ಲಗೆ ಕಲಸಿದರೆ ಆಯಿತು.

ಆ ಒಂದು ಚಮಚ ಎಣ್ಣೆ ಮಾತ್ರ ಬಿಡಬೇಡಿ. ಅದಿಲ್ಲದಿದ್ದರೆ ಬಾಯಿಗೆ ನುಣುಪು ಸಿಗುವುದಿಲ್ಲ, ಸುಮ್ನೆ ಹುಳಿ ಮೊಸರು ತಿಂದ ಹಾಗಿರುತ್ತದೆ. ಮೇಯನೇಸ್‌ನಲ್ಲಿ ಸುಮಾರು ಮುಕ್ಕಾಲು ಪಾಲು ಎಣ್ಣೆಯೇ ಇರುತ್ತದೆ, ಅದರ ಮುಂದೆ ಇದು ಯಾವ ಲೆಕ್ಕ!

ಹಸಿರೆಲೆ:
ತಪ್ಪೆಲ್ಲ ಮೊಸರಿನದೇ ಅಲ್ಲ. ಸೊಪ್ಪು ತೊಳೆದು ಹಾಗೇ ಹಾಕುತ್ತೀರಾ? ಒದ್ದೆ ಎಲೆ ಮೇಲೆ ಎಂಥ ಡ್ರೆಸ್ಸಿಂಗೂ ಜಾರುತ್ತದೆ. ಬಟ್ಟೆಯಲ್ಲಿ ಒರೆಸಿ. ಸೌತೆಕಾಯಿಯ ತಿರುಳು ತೆಗೆದು, ಹೆಚ್ಚಿ, ಉಪ್ಪು ಸವರಿ ಹತ್ತು ಹದಿನೈದು ನಿಮಿಷ ಬಿಟ್ಟು ನೋಡಿ, ಎಷ್ಟು ನೀರು ಬಿಡುತ್ತದೆ ಅಂತ. ಆ ನೀರು ಚೆಲ್ಲಿ, ಡ್ರೆಸ್ಸಿಂಗ್‌ಗೆ ಉಪ್ಪು ಕಮ್ಮಿ ಮಾಡಿ. ಕಲಸುವುದು ಊಟಕ್ಕೆ ಕೂರುವಾಗಲೇ.

ಗೋಡಂಬಿಗೂಡು:
ಹಾಲು ಮೊಸರು ಬೇಡ ಅನ್ನುವವರು ಗೋಡಂಬಿ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ನುಣ್ಣಗೆ ರುಬ್ಬಬಹುದು. ಇದಕ್ಕೆ ಮಿಕ್ಸಿ ಬೇಕೇ ಬೇಕು. ತುಂಬ ನುಣುಪು ಬರುತ್ತದೆ, ಆದರೆ ಹಗುರ ಅಂತ ಮಾತ್ರ ಹೇಳಲಾರೆ, ಗೋಡಂಬಿಯಲ್ಲೂ ಕೊಬ್ಬು ಜಾಸ್ತಿಯೇ.

ಸೌತೆಪ್ರಿಯ:
ಥ್ಯಾಂಕ್ಸ್! ನಾನು ಸೊಪ್ಪು ಒರೆಸುವುದೇ ಇಲ್ಲ. ಬೆಳ್ಳುಳ್ಳಿ ಯಾವಾಗ ಹಾಕಲಿ? ಮತ್ತೆ ಮಾಡಿಟ್ಟರೆ ಎಷ್ಟು ದಿನ ಇರುತ್ತದೆ?

ಸಾಸಿವೆಡಬ್ಬಿ:
ಒಂದೇ ಎಸಳು ಸಾಕು. ಜಜ್ಜಿ ನಿಂಬೆರಸದಲ್ಲಿ ಹತ್ತು ನಿಮಿಷ ಬಿಡಿ, ಹಸಿ ಘಾಟು ಇಳಿಯುತ್ತದೆ. ಆಮೇಲೆ ಅದೇ ರಸ ಬಳಸಿ. ಫ್ರಿಜ್‌ನಲ್ಲಿ ಮುಚ್ಚಿಟ್ಟರೆ ಮೂರು ದಿನ ಚೆನ್ನಾಗಿರುತ್ತದೆ. ಮೇಲೆ ನೀರು ತೇಲಿದ್ದರೆ ಕಲಸಬೇಡಿ, ಬಗ್ಗಿಸಿ ಚೆಲ್ಲಿಬಿಡಿ.