‘ನಡು ಎಂಜಿನ್’ ಅನ್ನೋಣವೇ, ‘ಮಧ್ಯ ಎಂಜಿನ್’ ಅನ್ನೋಣವೇ?

ಗೆಳೆಯರೇ,

ಲೋಟಸ್ 23 ಎಂಬ ಹಳೆಯ ಇಂಗ್ಲಿಷ್ ರೇಸ್ ಕಾರಿನ ಬಗ್ಗೆ ಬರೆಯುತ್ತಾ ಒಂದು ಪದಕ್ಕೆ ತಡಕಾಡುತ್ತಿದ್ದೇನೆ. ‘ಮಿಡ್ ಎಂಜಿನ್’ಗೆ, ಅಂದರೆ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಕೂತ ಎಂಜಿನ್ನಿಗೆ, ಕನ್ನಡದಲ್ಲಿ ಏನನ್ನೋಣ?

ಮೊದಲು ‘ಹಿಂದಿನ ಎಂಜಿನ್’ ಅಂತ ಬರೆದೆ. ಆ ಕಾಲದ ಇಂಗ್ಲಿಷರೂ ಇಂಥ ಕಾರುಗಳನ್ನು ‘ರಿಯರ್ ಎಂಜಿನ್’ ಎಂದೇ ಕರೆಯುತ್ತಿದ್ದರು. ಆದರೆ ಓದಿದವರಿಗೆ ಆಟೋನೋ, ಹಳೆಯ ಬೀಟಲ್ ಕಾರೋ ನೆನಪಾದರೆ ಕಷ್ಟ. ಬೀಟಲ್‌ನ ಎಂಜಿನ್ ಹಿಂದಿನ ಗಾಲಿಗಳ ಅಚ್ಚನ್ನೂ ದಾಟಿ ಬಾಲದಲ್ಲಿದೆ. ಲೋಟಸ್‌ನದು ಆ ಅಚ್ಚಿಗಿಂತ ಮುಂದೆ, ಚಾಲಕನ ಬೆನ್ನಿಗೆ ಅಂಟಿಕೊಂಡ ಹಾಗೆ.

1962ರಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಎಂಬ ರೇಸ್ ಟ್ರ್ಯಾಕಿನಲ್ಲಿ ರೇಸ್ ಚಾಲಕ ಜಿಮ್ ಕ್ಲಾರ್ಕ್ ಈ ಲೋಟಸ್ ಓಡಿಸಿದರು. ಬರೀ 1.5 ಲೀಟರ್ ಎಂಜಿನ್. ಒದ್ದೆ ರಸ್ತೆ. ಮೊದಲ ಸುತ್ತು ಮುಗಿಯುವಷ್ಟರಲ್ಲಿ ದೊಡ್ಡ ಎಂಜಿನ್ನಿನ ಪೋರ್ಷೆ, ಫೆರಾರಿಗಳನ್ನು 27 ಸೆಕೆಂಡು ಹಿಂದೆ ಹಾಕಿದ್ದರು! ಆಮೇಲೆ ಹೊಗೆ ಹೋಗುವ ಪೈಪು ಬಿರುಕು ಬಿಟ್ಟು, ಹೊಗೆ ಅವರು ಕೂತ ಕಡೆಗೇ ನುಗ್ಗಿತು. 12ನೇ ಸುತ್ತಿನಲ್ಲಿ ಕಾರು ರಸ್ತೆ ಬಿಟ್ಟು ಹೋಯಿತು. ಬೆನ್ನ ಹಿಂದೆಯೇ ಎಂಜಿನ್ ಇದ್ದರೆ ಇದೂ ಒಂದು ಕಾಟ.

‘ಮಧ್ಯ ಎಂಜಿನ್’ ಅನ್ನಬಹುದು, ಅಲ್ವಾ? ನನಗೇಕೋ ಅದು ಟೇಪು ಹಿಡಿದು ಅಳೆದ ಹಾಗೆ ಕೇಳುತ್ತದೆ. ‘ನಡು’ ಅಷ್ಟು ಬಿಗಿಯಲ್ಲ. ನಡುಮನೆ ಮನೆಯ ಸರಿಯಾದ ಮಧ್ಯದಲ್ಲೇ ಇರಬೇಕು ಅಂತೇನಿಲ್ಲ. ಪಡಸಾಲೆ ದಾಟಿದ ಮೇಲೆ, ಅಡುಗೆಮನೆಗೆ ಮುಂಚೆ ಸಿಕ್ಕರೆ ಆಯಿತು. ಎಂಜಿನ್ನೂ ಹಾಗೇ, ಎರಡು ಅಚ್ಚುಗಳ ನಡುವೆ ಎಲ್ಲಿದ್ದರೂ ಸರಿ. ನಡು ಅಂದರೆ ಸೊಂಟ ಅಂತಲೂ ಅರ್ಥ ಇದೆ. ಆ ಲೋಟಸ್‌ನಲ್ಲಿ ಕೂತವರಿಗೆ ಅದೂ ಜಾಸ್ತಿ ತಪ್ಪು ಅನಿಸುತ್ತಿರಲಿಲ್ಲ.

ಇನ್ನು ಸಂಧಿ. ‘ನಡುವಿರುಳು’ ಆದ ಹಾಗೆ ‘ನಡುವೆಂಜಿನ್’ ಆಗಬೇಕು. ಬರೆದು ನೋಡಿದೆ, ಕಣ್ಣು ಎಡವುತ್ತದೆ. ಸುಮ್ನೆ ಬಿಡಿಸಿ ‘ನಡು ಎಂಜಿನ್’ ಅಂತ ಬರೆಯೋದೇ ವಾಸಿ. ವ್ಯಾಕರಣ ಬಲ್ಲವರು ಬೈಯಬಹುದು.

ಇನ್ನೊಂದು ಕೇಳೋದಿದೆ. ಎತ್ತಿನ ಗಾಡಿಗೆ ಹೇರು ತುಂಬುವಾಗ ಮುಂಭಾರ ಆಯಿತು, ಹಿಂಭಾರ ಆಯಿತು ಅಂತಾರೆ. ಎಂಜಿನ್ನನ್ನು ನಡುವೆ ಇಡೋದೂ ಭಾರದ ಲೆಕ್ಕಕ್ಕೇ. ತೂಕವೆಲ್ಲ ಅಚ್ಚುಗಳ ನಡುವೆ ಇದ್ದರೆ ತಿರುವಿನಲ್ಲಿ ಕಾರು ಚುರುಕಾಗಿ ಹೊರಳುತ್ತದೆ. ಮುಂಭಾರವೂ ಅಲ್ಲದ, ಹಿಂಭಾರವೂ ಅಲ್ಲದ ಗಾಡಿಗೆ ನಿಮ್ಮ ಕಡೆ ಏನಂತಾರೆ? ಗಾಡಿ ಹೊಡೆದ ಹಿರಿಯರು ಮನೆಯಲ್ಲಿದ್ದರೆ ದಯವಿಟ್ಟು ಕೇಳಿ ತಿಳಿಸಿ.