ಪದಚರ್ಚೆ: ‘ಹ್ಯಾಂಗೋವರ್’ಗೆ ‘ಅಮಲು’ ಎನ್ನಬಹುದೇ?

ಗೆಳೆಯರೇ, ಮದ್ಯಪಾನದ ಬಗೆಗಿನ ಆರೋಗ್ಯ ಕೈಪಿಡಿಯೊಂದರ ಕನ್ನಡ ಕರಡು ತಿದ್ದುತ್ತಿದ್ದೇನೆ. ಹ್ಯಾಂಗೋವರ್ ಬಂದಲ್ಲೆಲ್ಲ ಅನುವಾದಕರು ಒಂದು ಕಡೆ ‘ಅಮಲು’, ಇನ್ನೊಂದು ಕಡೆ ‘ಮಂಪರು’ ಎಂದಿದ್ದಾರೆ. ಯಾವುದನ್ನು ಉಳಿಸಲಿ? ಆಯುರ್ವೇದದಲ್ಲಿ ಇದಕ್ಕೊಂದು ಪದ ಇರಬೇಕಲ್ಲ?

ಉತ್ತರ:

ಎರಡೂ ಬೇಡ ಸಾರ್. ಅಮಲು, ನಶೆ ಎಂದರೆ ರಕ್ತದಲ್ಲಿ ಮದ್ಯಸಾರ ಇರುವಾಗಿನ ಸ್ಥಿತಿ. ಹ್ಯಾಂಗೋವರ್ ಜೋರಾಗುವುದು ಅದು ಹೆಚ್ಚುಕಡಿಮೆ ಸೊನ್ನೆಗೆ ಇಳಿದಾಗ. ಶೇ 42.8ರ ಬ್ರಾಂದಿ ಒಂದು ಕ್ವಾರ್ಟರ್, ಅಂದರೆ 180 ಮಿ.ಲೀ. ಕುಡಿದರೆ ಒಳಗೆ ಹೋಗುವ ಮದ್ಯಸಾರ ಸುಮಾರು 60 ಗ್ರಾಂ. ಯಕೃತ್ತು ಗಂಟೆಗೆ ಕರಗಿಸುವುದು 7–8 ಗ್ರಾಂ. ಪೂರ್ತಿ ಕರಗಲು 8 ಗಂಟೆ ಬೇಕೇ ಬೇಕು. ಸ್ನಾನ, ಕಾಫಿ, ನಿಂಬೆಹಣ್ಣು ಯಾವುದೂ ಅದನ್ನು ಚುರುಕುಗೊಳಿಸುವುದಿಲ್ಲ. ‘ರಾತ್ರೀದು ಇನ್ನೂ ಇಳಿದಿಲ್ಲ’ ಎನ್ನುತ್ತಾ ನಸುಕಿನಲ್ಲಿ ಬೈಕ್ ಹತ್ತುವವನದು ನಿಜಕ್ಕೂ ಅಮಲೇ. ಅವನ ರಕ್ತದಲ್ಲಿ 100 ಮಿ.ಲೀ.ಗೆ 30 ಮಿ.ಗ್ರಾಂ ದಾಟಿದ್ದರೆ ಕಾನೂನಿನ ಲೆಕ್ಕದಲ್ಲೂ ಅಷ್ಟೇ.

‘ಮಂಪರು’ ಲಕ್ಷಣಗಳಲ್ಲಿ ಒಂದು ಮಾತ್ರ. ತಲೆಸಿಡಿತ, ಹೊಟ್ಟೆ ತೊಳಸು, ಬೆಳಕು ಕಂಡರಾಗದಿರುವುದು ಅದರೊಳಗೆ ಬರುವುದಿಲ್ಲ. ಬಾಯಿ ಒಣಗುವುದಕ್ಕೂ ಬೇರೆಯೇ ಕಾರಣವಿದೆ: ಮೂತ್ರವನ್ನು ಹಿಡಿತದಲ್ಲಿಡುವ ವಾಸೊಪ್ರೆಸಿನ್ ಹಾರ್ಮೋನನ್ನು ಮದ್ಯ ತಗ್ಗಿಸುತ್ತದೆ, ಕುಡಿದದ್ದಕ್ಕಿಂತ ಹೆಚ್ಚು ನೀರು ಹೊರಗೆ ಹೋಗುತ್ತದೆ.

ಆಯುರ್ವೇದದಲ್ಲಿ ಪದ ಇದೆ. ಸುಶ್ರುತ ಸಂಹಿತೆಯ ಉತ್ತರತಂತ್ರ ಪಾನಾತ್ಯಯ, ಪರಮದ, ಪಾನಾಜೀರ್ಣ, ಪಾನವಿಭ್ರಮ ಎಂದು ಕುಡಿತದಿಂದಾಗುವ ನಾಲ್ಕು ತೊಂದರೆಗಳನ್ನು ಹೇಳುತ್ತದೆ. ‘ಪರಮದ’ದ ಲಕ್ಷಣಗಳು ಮೈಭಾರ, ಬಾಯಿರುಚಿ ಕೆಡುವುದು, ಬಾಯಾರಿಕೆ, ತಲೆನೋವು, ಕೀಲುನೋವು. ಹೊಂದಿಕೆ ಚೆನ್ನಾಗಿಯೇ ಇದೆ. ಆದರೆ ಕೈಪಿಡಿ ಓದುವವರು ಅದನ್ನು ‘ಪರಮ ಮದ’ ಎಂದು ತಿಳಿದು ಮತ್ತೆ ಅಮಲಿಗೇ ಬಂದು ನಿಲ್ಲುತ್ತಾರೆ. ‘ಹ್ಯಾಂಗೋವರ್’ ಎಂದೇ ಇಟ್ಟು, ಮೊದಲ ಸಲ ‘ಕುಡಿದ ಮರುದಿನದ ಸಂಕಟ’ ಎಂದು ಬಿಡಿಸಿ ಹೇಳಿ.

ಪದಕ್ಕಿಂತ ನನಗೆ ಹೆಚ್ಚು ಚಿಂತೆ ಇನ್ನೊಂದರದು. ದಿನವೂ ಕುಡಿಯುವವರಿಗೆ ಬೆಳಗ್ಗೆ ಬರುವ ಕೈನಡುಕ, ಬೆವರು, ಕಳವಳ ಹ್ಯಾಂಗೋವರ್ ಅಲ್ಲ. ಅದು ಕೊನೆಯ ಪೆಗ್ ಆಗಿ 6ರಿಂದ 24 ಗಂಟೆಯೊಳಗೆ ಶುರುವಾಗುವ ವಿತ್‌ಡ್ರಾಯಲ್, ಅಂದರೆ ರೂಢಿಯಾದ ಮದ್ಯ ನಿಂತಾಗ ದೇಹ ತೋರುವ ಪ್ರತಿಕ್ರಿಯೆ. ಹ್ಯಾಂಗೋವರ್ ಸಾಮಾನ್ಯವಾಗಿ ದಿನದೊಳಗೆ ತಾನಾಗಿ ಹೋಗುತ್ತದೆ. ವಿತ್‌ಡ್ರಾಯಲ್ ಕೆಲವರಲ್ಲಿ ಏರುತ್ತಾ ಹೋಗಿ ಫಿಟ್ಸ್ ಬರಬಹುದು. 48–72 ಗಂಟೆಗಳ ಹೊತ್ತಿಗೆ ಇಲ್ಲದ್ದು ಕಾಣುವುದು, ದಿಕ್ಕು ತಪ್ಪಿ ಬಡಬಡಿಸುವುದು ಶುರುವಾದರೆ ಪ್ರಾಣಕ್ಕೇ ಅಪಾಯ. ಇದಕ್ಕೆ ‘ಕುಡಿತ ನಿಂತಾಗಿನ ನಡುಕ’ ಎಂದು ಬೇರೆ ಹೆಸರು ಕೊಡಿ. ಎರಡಕ್ಕೂ ಒಂದೇ ಪದ ಹಾಕಿದರೆ ಆಸ್ಪತ್ರೆಗೆ ಹೋಗಬೇಕಾದವನು ‘ನೀರು ಕುಡಿದು ಮಲಗಿ’ ಎಂಬ ಸಲಹೆ ಪಾಲಿಸುತ್ತಾನೆ.

ಕರಡಿನಲ್ಲಿ ‘ಬೆಳಗ್ಗೆ ಒಂದು ಪೆಗ್ ಹಾಕಿದರೆ ಸರಿಹೋಗುತ್ತದೆ’ ಎಂಬ ಸಾಲು ಎಲ್ಲಾದರೂ ಉಳಿದಿದ್ದರೆ ಮೊದಲು ಅದನ್ನು ಹೊಡೆದುಹಾಕಿ. ಆ ಪೆಗ್ ಸಂಕಟವನ್ನು ಮುಂದೂಡುತ್ತದೆ, ಅಷ್ಟೇ.